ಮನಸ್ಸೇ ಬರದಿದ್ದರೂ ಪ್ರಾರ್ಥನೆ ಮಾಡಬೇಕಾ, ಟೀಚರ್?

ಕೊಡಗಿನ ವಿರಾಜಪೇಟೆ ಕಡೆಯ ಒಂದು ಚರ್ಚಿನಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ನಾನು ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತೇನೆ. ಪಿಯುಸಿ, ಡಿಗ್ರಿ ಓದುವವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಮನಸ್ಸಿಲ್ಲದೆ ದಿನಾ ಪ್ರಾರ್ಥನೆ ಮಾಡಿದರೆ ಅದು ನಾಟಕ ಆಗಲ್ವಾ?

ಆಗಲ್ಲ. ಮನಸ್ಸು ಬಂದಾಗ ಮಾತ್ರ ಮಾಡ್ತೀನಿ ಅನ್ನುವವರಿಗೆ ಮನಸ್ಸು ಬರುವುದು ಪರೀಕ್ಷೆಯ ಹಿಂದಿನ ರಾತ್ರಿ ಅಷ್ಟೇ. ನಾನೂ ಹಾಗೇ ಇದ್ದೆ. ಧ್ಯಾನಕೂಟಕ್ಕೆ ಹೋಗಿ ಅತ್ತು, ಇನ್ನು ಮೇಲೆ ದಿನಕ್ಕೆ ಒಂದು ಗಂಟೆ ಅಂತ ದೇವರಿಗೆ ಮಾತು ಕೊಟ್ಟು ಬರುತ್ತಿದ್ದೆ. ಐದನೇ ದಿನ ನಿದ್ದೆ.

ನಮ್ಮ ಕಡೆಯವರಿಗೆ ಇದನ್ನು ಕಾಫಿ ತೋಟದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಒಂದು ಹೂಮಳೆ ಬಿದ್ದರೆ ರೋಬಸ್ಟಾ ತೋಟವೆಲ್ಲ ಬೆಳ್ಳಗೆ ಆಗುತ್ತದೆ, ಆದರೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಹೂ ಬಿಟ್ಟ ಮೇಲಿನ ಎರಡನೇ ಮಳೆ, ಬರದಿದ್ದರೆ, ಸ್ಪ್ರಿಂಕ್ಲರ್ ನೀರೂ ಇಲ್ಲದಿದ್ದರೆ, ಕಾಯಿ ಸರಿಯಾಗಿ ಕಚ್ಚಲ್ಲ. ಹೂವಿನ ಫೋಟೋ ತೆಗೆಯುವವರು ಬೇರೆ, ಬ್ಯಾಕಿಂಗ್ ಮಳೆಗೆ ಆಕಾಶ ನೋಡುವವರು ಬೇರೆ. ಧ್ಯಾನಕೂಟದ ಕಣ್ಣೀರು ಹೂಮಳೆ ಇದ್ದಂತೆ. ಅದು ಸುಳ್ಳಲ್ಲ, ಸಾಲದು ಅಷ್ಟೇ.

ಹಾಗಾದರೆ ಹೇಗೆ ಶುರು ಮಾಡುವುದು? ಮೊದಲು ಒಂದು ಗಂಟೆಯ ಹರಕೆ ಬಿಡಿ. ದಿನಾ ಹೇಗೂ ಮಾಡುವ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿಹಾಕಿ. ನನಗೆ ಅದು ಒಲೆಯ ಮೇಲೆ ಕಾಫಿಗೆ ನೀರು ಕಾಯುವ ಹೊತ್ತು. ಶಿಲುಬೆ ಗುರುತು, ಒಂದು ಪರಲೋಕ ಮಂತ್ರ, ಆಮೇಲೆ ಆ ದಿನದ ಹೆದರಿಕೆ ಏನಿದೆಯೋ ಅದು. ಮೂರು ನಿಮಿಷವೂ ಆಗಲ್ಲ. ಮಡಿಕೇರಿ ಕಾಲೇಜಿಗೆ ಹೋಗುವ ಒಬ್ಬ ಹುಡುಗ ಬಸ್ಸು ಹತ್ತಿದರೆ ದಾರಿಯ ಮೂರ್ನಾಡು ಬರುವಷ್ಟರಲ್ಲಿ ಮಣಿ ಎಣಿಸುವ ಜಪಸರದ ಪ್ರಾರ್ಥನೆ ಮುಗಿಸುತ್ತಾನೆ, ಸೀಟು ಸಿಗದಿದ್ದರೆ ಬೆರಳಲ್ಲೇ ಎಣಿಸುತ್ತಾನೆ. ಫೋನ್ ಮಾತ್ರ ಕೈಯಲ್ಲಿ ಬೇಡ. ಬೈಬಲ್ ಆಪ್ ತೆರೆಯಲು ಹೋಗಿ ರೀಲ್ಸ್‌ನಲ್ಲಿ ಮುಳುಗಿದ್ದು ಎಷ್ಟು ಸಲವೋ, ನನ್ನದೂ ಸೇರಿಸಿ.

ಏನು ಹೇಳಬೇಕು ಗೊತ್ತಾಗಲ್ಲ ಅನ್ನುವವರು ಬೈಬಲಿನ 13ನೇ ಕೀರ್ತನೆ ಓದಿ. ಆರೇ ವಚನ. ನನ್ನನ್ನು ಇನ್ನೂ ಎಷ್ಟು ದಿನ ಮರೆತಿರುತ್ತೀ ಅಂತ ದೇವರನ್ನೇ ನೇರವಾಗಿ ಕೇಳುವುದರಿಂದ ಅದು ಶುರುವಾಗುತ್ತದೆ. ಜಗಳವೂ ಪ್ರಾರ್ಥನೆಯೇ.

ಬಾಯಿಪಾಠದ ಪ್ರಾರ್ಥನೆ ಯಾಂತ್ರಿಕ ಅನ್ನುವ ದೂರು ಬೇರೆ ಇದೆ. ಅದಕ್ಕೆ ನಾನು ಒಂದು ಹಳೆಯ ಕಥೆ ನೆನಪಿಸುತ್ತೇನೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜ ಆಶ್ರಯ ಕೊಟ್ಟಾಗ ಶುರುವಾದದ್ದು. ಆ ಸೆರೆಯಲ್ಲಿ ಅವರ ಕೈಯಲ್ಲಿ ಪ್ರಾರ್ಥನೆ ಪುಸ್ತಕ ಇದ್ದಿರಲಾರದು, ನಾಲಿಗೆ ಮೇಲೆ ಇದ್ದದ್ದೇ ಉಳಿದಿರಬೇಕು. ಇದು ನನ್ನ ಊಹೆ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ರಾತ್ರಿ ಸ್ವಂತ ಮಾತೇ ಬರದಿದ್ದಾಗ ನನ್ನ ಬಾಯಿಗೆ ಬಂದದ್ದು ಅಜ್ಜಿ ಕಲಿಸಿದ ನಮೋ ಮರಿಯಾ ಪ್ರಾರ್ಥನೆ. ಅದು ಊಹೆ ಅಲ್ಲ.

ಒಂದು ದಿನ ತಪ್ಪಿದರೆ? ಮಾರನೇ ದಿನ ಎಂದಿನಷ್ಟೇ ಮಾಡಿ. ಬಡ್ಡಿ ಸೇರಿಸಿ ತೀರಿಸಲು ಅದು ಸಾಲ ಅಲ್ಲ. ಅಭ್ಯಾಸ ಕೂಡಿಬರಲು ಎಷ್ಟು ದಿನ ಬೇಕು ಅಂತ ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಬಂತು. ಸರಾಸರಿ 66 ದಿನ, ಕೆಲವರಿಗೆ 18, ಇನ್ನು ಕೆಲವರಿಗೆ ಲೆಕ್ಕ 254ರ ತನಕ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲವಂತೆ. ಅದು ಪ್ರಾರ್ಥನೆಯ ಬಗ್ಗೆ ಅಲ್ಲ, ಊಟ, ವ್ಯಾಯಾಮದಂಥ ಅಭ್ಯಾಸಗಳದ್ದು. ನಮಗೂ ಅನ್ವಯಿಸುತ್ತದೆ ಅನ್ನುವುದು ನನ್ನ ಅನುಭವ.

ಹೋದ ವಾರ ಒಬ್ಬಳು ಬಂದು, ಟೀಚರ್, ಏಳರಲ್ಲಿ ನಾಲ್ಕೇ ದಿನ ಆಯ್ತು ಅಂದಳು. ಯಾವ ನಾಲ್ಕು ಅಂತ ಕೇಳಿದೆ. ಮಳೆಗೆ ಕರೆಂಟ್ ಹೋಗಿ ಫೋನ್ ಆಫ್ ಆಗಿದ್ದ ನಾಲ್ಕು.