ಅವರ ಉಪವಾಸ, ನನ್ನ ಹಬ್ಬದೂಟ

ಆಡಿಸ್ ಅಬಾಬಾಕ್ಕೆ ಹೊರಟಿದ್ದೇನೆ ಎಂದಾಗ ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಅಲ್ಲಿ ತಿನ್ನೋದೇನು? ಇಥಿಯೋಪಿಯಾ ಎಂದರೆ 1984ರ ಬರಗಾಲದ ಫೋಟೋಗಳೇ ಕಣ್ಮುಂದೆ ಬರುವ ತಲೆಮಾರು ಅಮ್ಮನದು. ಅದರ ಮೇಲೆ ನಾನು ಸಸ್ಯಾಹಾರಿ. ಹಾಗಾಗಿ ಚಟ್ನಿಪುಡಿ, ರಾಗಿ ಹುರಿಹಿಟ್ಟು, ಒಂದು ಪೊಟ್ಟಣ ಕಾಫಿಪುಡಿ ಬ್ಯಾಗಿಗೆ ಬಿದ್ದವು. ನಾನೂ ಬೇಡ ಅನ್ನಲಿಲ್ಲ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡಿದ್ದಷ್ಟೇ ನನ್ನ ಕಡೆಯ ತಯಾರಿ.

ಊರು ಸುತ್ತಲು ಕಾರು ಗೊತ್ತು ಮಾಡಿಕೊಂಡ ದಿನ ಶುಕ್ರವಾರವಾಗಿತ್ತು. ಡ್ರೈವರ್ ಎರಡು ಗಂಟೆಗೆ ಬರ್ತಾನೆ, ಅಂದರೆ ನಿಮ್ಮ ಎಂಟು ಗಂಟೆ ಎಂದು ಹೋಟೆಲಿನ ಹುಡುಗಿ ಬಿಡಿಸಿ ಹೇಳಿದಳು. ಅಲ್ಲಿ ಬೆಳಗಿನ ಆರಕ್ಕೆ ದಿನ ಶುರು. ಏಳು ಗಂಟೆಯಾದರೆ ಅವರಿಗೆ ಒಂದು ಗಂಟೆ. ಪಂಚಾಂಗ ನೋಡುವವರಿಗೆ ಇದೇನೂ ವಿಚಿತ್ರ ಅನ್ನಿಸುವುದಿಲ್ಲ. ನಮ್ಮ ಘಳಿಗೆಯ ಲೆಕ್ಕವೂ ಸೂರ್ಯೋದಯದಿಂದಲೇ ಅಲ್ವಾ?

ಡ್ರೈವರ್ ಮಾತಿನ ಮನುಷ್ಯ. ಭಾರತದವನು ಎಂದು ಗೊತ್ತಾದ ಕೂಡಲೇ, ನಮ್ಮಪ್ಪನಿಗೆ ಗಣಿತ ಹೇಳಿಕೊಟ್ಟಿದ್ದು ಇಂಡಿಯಾದ ಮೇಷ್ಟ್ರು ಎಂದ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ನಮ್ಮ ದೇಶದಿಂದ ಎಷ್ಟೋ ಶಿಕ್ಷಕರು ಅಲ್ಲಿನ ಶಾಲೆಗಳಿಗೆ ಹೋಗಿದ್ದರು. ಆ ಪುಣ್ಯಾತ್ಮರು ಪಟ್ಟ ಶ್ರಮಕ್ಕೆ ಇವತ್ತು ನನಗೆ ಸುಮ್ನೆ ಮರ್ಯಾದೆ ಸಿಗುತ್ತಿತ್ತು.

ಮೊದಲು ಎಂಟೋಟೋ ಬೆಟ್ಟ. ಆಡಿಸ್ ಇರುವುದೇ ಸುಮಾರು 2,300 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಈ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ಕರ್ನಾಟಕದ ಯಾವ ಬೆಟ್ಟದಲ್ಲಿ ನಿಂತವನಿಗಿಂತಲೂ ಮೇಲಿರುತ್ತಾನೆ. ಎಂಟೋಟೋ ಇನ್ನೂ ಮೇಲೆ, 3,000 ಮೀಟರ್ ದಾಟುತ್ತದೆ. ಹತ್ತಿಪ್ಪತ್ತು ಮೆಟ್ಟಿಲಿಗೇ ಏದುಸಿರು ಬಂತು. ಸುತ್ತ ನೋಡಿದರೆ ಎಲ್ಲೆಲ್ಲೂ ನೀಲಗಿರಿ ಮರ. ರಾಜಧಾನಿ ಬೆಳೆದಂತೆ ಸೌದೆಗೆ ತತ್ವಾರವಾಗಿ, ಮೆನೆಲಿಕ್ ದೊರೆಯ ಕಾಲದಲ್ಲಿ ಆಸ್ಟ್ರೇಲಿಯಾದ ಈ ಮರ ತಂದು ನೆಟ್ಟರಂತೆ. ಅಂತರ್ಜಲ ಹೀರುತ್ತದೆ ಎಂದು ನಾವು ಬೈಯುವ ಮರದಿಂದಲೇ ಈ ಊರು ಉಳಿಯಿತು ಎಂದು ಅವರು ಹೇಳುತ್ತಾರೆ. ಬೈಯುವವರು ಅಲ್ಲೂ ಇದ್ದಾರೆ ಬಿಡಿ.

ಮೇಲಿನ ಮೇರಿ ಮಾತೆಯ ಚರ್ಚ್‌ನಲ್ಲೇ ಮೆನೆಲಿಕ್‌ಗೆ 1889ರಲ್ಲಿ ಪಟ್ಟವಾಗಿದ್ದು. ಬಿಳಿ ಸೆರಗು ಹೊದ್ದ ಹೆಂಗಸರು ಒಳಗೆ ಹೋಗದೆ, ಹೊರಗಿನ ಗೋಡೆಗೇ ಹಣೆ ಒತ್ತಿ ಮುತ್ತಿಟ್ಟು ನಿಂತಿದ್ದರು. ನನ್ನ ಡ್ರೈವರ್ ಕೂಡ ಹಾಗೇ ಮಾಡಿ ಬಂದು ಸ್ಟೇರಿಂಗ್ ಹಿಡಿದ. ಆಗಲೇ ಹೇಳಿದ್ದು, ಇವತ್ತು ಉಪವಾಸ, ಮೂರರವರೆಗೆ ನಾನು ಏನೂ ತಿನ್ನಲ್ಲ, ನೀವು ಬೇಕಾದರೆ ತಿನ್ನಿ ಎಂದು. ಉಪವಾಸದವನನ್ನು ಎದುರಿಗೆ ಕೂರಿಸಿಕೊಂಡು ತಿನ್ನುವುದು ಹೇಗೆ? ನಾನೂ ಕಾಯುತ್ತೇನೆ ಎಂದೆ. ಹನ್ನೆರಡರ ಹೊತ್ತಿಗೆ ಆ ಔದಾರ್ಯ ಕರಗತೊಡಗಿತ್ತು.

ನ್ಯಾಷನಲ್ ಮ್ಯೂಸಿಯಂನಲ್ಲಿ ಲೂಸಿಯನ್ನು ನೋಡಿದ್ದು ಹಸಿದ ಹೊಟ್ಟೆಯಲ್ಲೇ. 1974ರಲ್ಲಿ ಇದೇ ದೇಶದ ಹಡಾರ್‌ನಲ್ಲಿ ಸಿಕ್ಕ, ಮನುಷ್ಯನ ಪೂರ್ವಜರ ಪೈಕಿಯ ಒಬ್ಬಳ, ಸುಮಾರು 32 ಲಕ್ಷ ವರ್ಷದ ಹಿಂದಿನ ಎಲುಬುಗಳು. ಗಾಜಿನೊಳಗೆ ಇಟ್ಟಿರುವುದು ಅಚ್ಚು ತೆಗೆದ ಪ್ರತಿ, ನಿಜವಾದವು ಭದ್ರವಾಗಿ ಒಳಗಿವೆ. ನಿಲ್ಲಿಸಿಟ್ಟ ಪ್ರತಿ ನನ್ನ ಸೊಂಟದಿಂದ ಸ್ವಲ್ಪ ಮೇಲಕ್ಕೆ ಬರುತ್ತದೆ, ಅಷ್ಟೇ. ಮ್ಯೂಸಿಯಂ ಕಟ್ಟಡ ಹಳೆಯದು, ದೀಪ ಮಂಕು. ಇಷ್ಟು ದೊಡ್ಡ ಸಂಗತಿಗೆ ಇಷ್ಟು ಸಪ್ಪೆ ಜಾಗವಾ ಎಂದು ಬೇಸರವಾಯಿತು.

ಮೂರಕ್ಕೆ, ಅವನ ಒಂಬತ್ತಕ್ಕೆ, ಊಟ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಈಸ್ಟರ್ ಮುಂಚಿನ ದೊಡ್ಡ ಉಪವಾಸವಂತೂ 55 ದಿನ. ಹಾಗಾಗಿ ಆ ದಿನಗಳಲ್ಲಿ ಹೋಟೆಲುಗಳಲ್ಲಿ ಬೆಯಾಯ್ನೆತು ಎಂಬ ತಟ್ಟೆ ಸಿಗುತ್ತದೆ. ಇಂಜೆರಾ ಎಂಬ ದೊಡ್ಡ ಹುಳಿರೊಟ್ಟಿ ಹಾಸಿ ಅದರ ಮೇಲೆ ಬಣ್ಣಬಣ್ಣದ ಗುಡ್ಡೆಗಳು. ಖಾರದ ಕೆಂಪು ಮಸೂರ್ ಬೇಳೆ, ಅರಿಶಿನ ಹಾಕಿದ ಬಟಾಣಿ ಬೇಳೆ, ಸೊಪ್ಪು, ಬೀಟ್‌ರೂಟ್, ಎಲೆಕೋಸು ಆಲೂಗಡ್ಡೆ ಪಲ್ಯ. ನಡುವೆ ಶಿರೋ, ಅಂದರೆ ಕಡಲೆಹಿಟ್ಟು ಮಸಾಲೆ ಕುದಿಸಿದ ಗಟ್ಟಿ ಸಾರು.

ಇಂಜೆರಾ ನಮ್ಮ ದೋಸೆಯ ಹಾಗೆ ಎಂದು ಹೋಗಿ ಬಂದವರೆಲ್ಲ ಬರೆಯುತ್ತಾರೆ. ನೋಡಿಯೇ ಬಿಡೋಣ ಎಂದು ಅಡುಗೆಮನೆಗೆ ಇಣುಕಿದೆ. ಹಿಟ್ಟು ಟೆಫ್ ಎಂಬ ಧಾನ್ಯದ್ದು. ಕಾಳು ಗಸಗಸೆಯಷ್ಟು ಸಣ್ಣ. ಹಿಟ್ಟು ಎರಡು ಮೂರು ದಿನ ಹುಳಿಯಬೇಕು. ನಾವು ಕಾವಲಿಯ ನಡುವೆ ಸುರಿದು ಹೊರಕ್ಕೆ ಹರಡುತ್ತೇವೆ. ಅಲ್ಲಿನ ಹೆಂಗಸು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದಳು. ಸೌಟು ಮುಟ್ಟಿಸಲೇ ಇಲ್ಲ. ಕ್ಷಣದಲ್ಲಿ ಮೈತುಂಬಾ ತೂತು ಎದ್ದವು, ಮುಚ್ಚಳ ಬಿತ್ತು. ಎಣ್ಣೆಯಿಲ್ಲ, ಮಗುಚುವುದಿಲ್ಲ. ಬಡಿಸುವುದೂ ಆರಿದ ಮೇಲೆ. ಒಳ್ಳೇ ಹುಳಿ. ಮೊದಲ ತುತ್ತಿಗೆ ಮುಖ ಕಿವುಚಿದೆ, ನಾಲ್ಕನೆಯದಕ್ಕೆ ಅದಿಲ್ಲದೆ ಬೇಳೆ ಸೇರಲಿಲ್ಲ.

ತಟ್ಟೆ ಇಬ್ಬರಿಗೂ ಒಂದೇ. ಎಂಜಲು ಮುಸುರೆ ಎಂದು ಬೆಳೆದ ನನಗೆ ಇದೇ ದೊಡ್ಡ ಪರೀಕ್ಷೆ. ನಾನು ನನ್ನ ಬದಿಯಲ್ಲಿ ಗಡಿ ಹಾಕಿಕೊಂಡು ತಿನ್ನುತ್ತಿದ್ದೆ. ಅಷ್ಟರಲ್ಲಿ ಅವನು ಇಂಜೆರಾದಲ್ಲಿ ಸೊಪ್ಪು ಬೇಳೆ ಸುತ್ತಿ, ಲಿಂಬೆಗಾತ್ರದ ಉಂಡೆ ಮಾಡಿ, ನೇರ ನನ್ನ ಬಾಯಿಗೇ ಹಿಡಿದ. ಗುರ್ಶಾ ಅಂತೆ. ಬೇಡ ಅಂದರೆ ಬೇಜಾರಾಗುತ್ತದೆ. ಬಾಯಿ ತೆರೆದೆ. ಮದುವೆಯಾದ ದಿನ ಬಿಟ್ಟರೆ ದೊಡ್ಡವನಾದ ಮೇಲೆ ಯಾರೂ ನನಗೆ ಹಾಗೆ ತಿನ್ನಿಸಿದ್ದಿಲ್ಲ. ಒಂದಕ್ಕೇ ನಿಲ್ಲಿಸಬಾರದಂತೆ, ಇನ್ನೊಂದೂ ಬಂತು.

ಕಾಫಿಗೆ ಪಕ್ಕದಲ್ಲೇ ಕೂತೆವು. ನೆಲಕ್ಕೆ ಹಸಿಹುಲ್ಲು ಹಾಸಿತ್ತು. ಹುಡುಗಿಯೊಬ್ಬಳು ಹಸಿರು ಬೀಜ ತೊಳೆದು, ಕೆಂಡದ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಬಳಿಗೂ ತಂದಳು. ಆಮೇಲೆ ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಜೆಬೆನಾದಲ್ಲಿ ಕುದಿಸಿದಳು. ಜೊತೆಗೆ ತಿನ್ನಲು ಪಾಪ್‌ಕಾರ್ನ್! ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಮೂರು ಸುತ್ತು. ಅಬೋಲ್, ತೋನಾ, ಬರಕಾ. ಒಂದಕ್ಕೇ ಎದ್ದು ಹೋಗುವುದು ಸರಿಯಲ್ಲ.

ಅರೇಬಿಕಾ ಕಾಫಿ ಹುಟ್ಟಿದ್ದು ಇದೇ ದೇಶದ ನೈಋತ್ಯದ ಕಾಡುಗಳಲ್ಲಿ. ಯೆಮನ್ ದಾಟಿ, ಬಾಬಾಬುಡನ್ ಕೈಯಲ್ಲಿ ಚಿಕ್ಕಮಗಳೂರಿಗೆ ಬಂತೆಂದು ನಮ್ಮ ಕಡೆಯ ಕತೆ. ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಈ ಎತ್ತರದ ನಾಡೇ. ಅಲ್ಲಿಗೆ ಅಮ್ಮ ರಾಗಿ ಹಿಟ್ಟು, ಕಾಫಿಪುಡಿ ಕಟ್ಟಿ ಕಳಿಸಿದ್ದಳು! ಅದರಲ್ಲೂ ಚಿಕೋರಿ ಬೆರೆತ ಪುಡಿ. ಭಾರತದ ಕಾಫಿಯಲ್ಲಿ ಸುಮಾರು 70 ಭಾಗ ಕರ್ನಾಟಕದ್ದೇ ಎಂದು ಡ್ರೈವರ್ ಮುಂದೆ ಜಂಬ ಕೊಚ್ಚಿದ್ದೆ. ಚಿಕೋರಿ ವಿಷಯ ಮಾತ್ರ ಎತ್ತಲಿಲ್ಲ.

ಶನಿವಾರ ಅದೇ ಹೋಟೆಲಿಗೆ ಹೋದರೆ ಚಿತ್ರವೇ ಬದಲಾಗಿತ್ತು. ಎಲ್ಲ ಮೇಜಿನಲ್ಲೂ ಮಾಂಸ, ಬೆಯಾಯ್ನೆತು ಇಲ್ಲ. ಶಿರೋ ಇದೆ ಎಂದರು. ಸಸ್ಯಾಹಾರಿಗಳು ಹೋಗುವುದಾದರೆ ಇದೊಂದು ನೆನಪಿಡಿ: ಶಿರೋ ಕೇಳಿ, ಬೋಜೆನಾ ಶಿರೋ ಬೇಡ ಅನ್ನಿ. ಅದರಲ್ಲಿ ದನದ ಮಾಂಸದ ಚೂರು ಇರುತ್ತದೆ. ಆಗುವುದಾದರೆ ಬುಧವಾರ, ಶುಕ್ರವಾರ ಬರುವ ಹಾಗೆ ಟಿಕೆಟ್ ಮಾಡಿಸಿ.