ಕರಿಬೇವಿನ ಗಿಡ ಒಣಗಿದ ಭಾನುವಾರ

ಪಕ್ಕದ ಮನೆ ಅಜ್ಜಿ ಒಂದು ಒಣ ಕೊಂಬೆ ಹಿಡಿದುಕೊಂಡು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಏಪ್ರಿಲ್ ತಿಂಗಳು. ಹತ್ತು ಗಂಟೆಗೇ ಕೋಲಾರದ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಮೀನಿನ ತೊಟ್ಟಿಯ ನೀರು ಬದಲಾಯಿಸಿ, ಪೈಪು ಸುತ್ತಿಡಲು ಹೊರಗೆ ಬಂದಿದ್ದೆ.

"ಏನಮ್ಮಾ, ನಿಮ್ಮ ನೀರಿಗೆ ಏನಾದ್ರೂ ಹಾಕ್ತೀಯಾ?" ಅಂದರು.

"ಯಾವ ನೀರಜ್ಜೀ?"

"ಅದೇ, ಭಾನುವಾರ ಮೋರಿಗೆ ಬಿಡ್ತೀಯಲ್ಲಾ. ಸುಮ್ನೆ ಹರಿದು ಹೋಗ್ತದೆ ಅಂತ ನಾನು ಗಿಡಕ್ಕೆ ತಿರುಗಿಸ್ಕೊಂಡಿದ್ದೆ."

ಕೊಂಬೆಯನ್ನು ಮುಂದೆ ಚಾಚಿದರು. ಕರಿಬೇವು. ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿ, ಮುಟ್ಟಿದರೆ ಉದುರುತ್ತಿದ್ದವು. ನನ್ನ ಎದೆ ಧಸಕ್ಕೆಂದಿತು. ಆವತ್ತಿನ ನೀರು ಇನ್ನೂ ಮೋರಿಯಲ್ಲಿ ಹರಿಯುತ್ತಿತ್ತು. ಅದು ಉಪ್ಪುನೀರು.

ನಮ್ಮ ಮನೆಯಲ್ಲಿ 150 ಲೀಟರಿನ ಒಂದು ಸಮುದ್ರದ ತೊಟ್ಟಿ ಇದೆ. ಸಮುದ್ರ ನೋಡಬೇಕಾದರೆ 250 ಕಿಲೋಮೀಟರಿಗೂ ಜಾಸ್ತಿ ದೂರದ ಚೆನ್ನೈಗೆ ಹೋಗಬೇಕಾದ ಊರಿನಲ್ಲಿ, ನಾನು ಅದನ್ನು ಗಾಜಿನ ಡಬ್ಬದಲ್ಲಿ ಸಾಕಿಕೊಂಡಿದ್ದೇನೆ. ಇದಕ್ಕೆ ಕೊಳಾಯಿ ನೀರು ಆಗುವುದಿಲ್ಲ. ಆರ್‌ಓ ನೀರು ಬೇಕು. ಅದಕ್ಕೆ ಲೀಟರಿಗೆ 35 ಗ್ರಾಂನಂತೆ ಸಮುದ್ರದ ಉಪ್ಪು ಬೆರೆಸಬೇಕು. ವಾರಕ್ಕೊಮ್ಮೆ 20 ಲೀಟರ್ ಹಳೇ ನೀರು ತೆಗೆದು ಹೊಸದು ಹಾಕಬೇಕು.

ನಮ್ಮ ಆರ್‌ಓ ಒಂದು ಲೀಟರ್ ಒಳ್ಳೆಯ ನೀರು ಕೊಡುವಾಗ ಮೂರು ಲೀಟರ್ ಹೊರಗೆ ತಳ್ಳುತ್ತದೆ. ಆ ನೀರು ಎರಡು ವರ್ಷದಿಂದ ಮೋರಿಗೆ ಹೋಗುತ್ತಿತ್ತು. ಅಜ್ಜಿ ಅದನ್ನು ನೋಡಿಟ್ಟುಕೊಂಡಿದ್ದಾರೆ. ಗುದ್ದಲಿಯಿಂದ ಗೇಣಗಲದ ಕಾಲುವೆ ತೆಗೆದು, ಒಂದು ಇಟ್ಟಿಗೆ ಅಡ್ಡ ಇಟ್ಟು, ನೀರು ಬಂದಾಗ ಗಿಡದ ಪಾತಿಗೆ ತಿರುಗಿಸಿಕೊಳ್ಳುತ್ತಿದ್ದರು. ನನಗೆ ಗೊತ್ತೇ ಇರಲಿಲ್ಲ. ಗಿಡವೂ ಚೆನ್ನಾಗಿತ್ತು. ಆಗ ತೊಟ್ಟಿಯ ಉಪ್ಪುನೀರನ್ನು ನಾನು ಹಿತ್ತಲಿನ ಬಚ್ಚಲಿಗೆ ಸುರಿಯುತ್ತಿದ್ದೆ. ಸಂಕ್ರಾಂತಿ ಆದ ಮೇಲೆ ತೊಟ್ಟಿಯನ್ನು ಹಾಲಿಗೆ ತಂದೆವು. ಬಚ್ಚಲು ದೂರವಾಯಿತು, ಮುಂದಿನ ಮೋರಿ ಹತ್ತಿರವಾಯಿತು. ಪೈಪು ಅಲ್ಲಿಗೇ ಬಿಟ್ಟೆ.

ಹನ್ನೆರಡು ಭಾನುವಾರ. ಒಂದೊಂದು ಸಲಕ್ಕೆ 700 ಗ್ರಾಂ ಉಪ್ಪು. ಒಟ್ಟು ಎಂಟು ಕಿಲೋಗೂ ಜಾಸ್ತಿ. ಅಷ್ಟೂ ಪಾತಿಗೇ ಹೋಗಿರಲಿಕ್ಕಿಲ್ಲ. ಕಾಲು ಭಾಗ ಹೋದರೂ ಸಾಕಲ್ವಾ?

ಉಪ್ಪು ಹೆಚ್ಚಾದ ಮಣ್ಣಿನಿಂದ ಬೇರು ನೀರು ಹೀರಲಾರದು, ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಯಾರಿ ಸಾಯುತ್ತದೆ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುವವಳು ನಾನು. ಅಜ್ಜಿಗೆ ಅದನ್ನು ಹೇಳುವಾಗ ಮಾತು ತಡವರಿಸಿತು. ತಪ್ಪಾಯ್ತಜ್ಜೀ ಅಂದೆ. ಅವರು ಗಿಡದ ಕಡೆ ನೋಡಿ, "ಮಗಳ ಮದುವೆ ವರ್ಷ ನೆಟ್ಟಿದ್ದು" ಅಂದರು. ಬೇರೇನೂ ಹೇಳಲಿಲ್ಲ.

ಆ ಮಧ್ಯಾಹ್ನ ನಾನೂ ನನ್ನ ತಮ್ಮನೂ ಸೇರಿ ಪಾತಿಯ ಮೇಲ್ಮಣ್ಣು ಒಂದಡಿ ಆಳದವರೆಗೆ ತೆಗೆದೆವು. ಹೊಸ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದೆವು. ಕೆಳಗಿಳಿದ ಉಪ್ಪನ್ನು ತೊಳೆಯಲು ನಿಧಾನವಾಗಿ ಒಳ್ಳೆಯ ನೀರು ಬಿಡಬೇಕಿತ್ತು. ನಮ್ಮ ಬೀದಿಗೆ ಕೊಳಾಯಿ ನೀರು ಬಂದು ಒಂಬತ್ತು ದಿನ ಆಗಿತ್ತು. ಟ್ಯಾಂಕರ್ ತರಿಸಿದೆ. ಡ್ರೈವರ್ "ಗಿಡಕ್ಕಾ ಅಕ್ಕಾ?" ಎಂದು ಎರಡು ಸಲ ಕೇಳಿದ.

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವ ಖಾತ್ರಿ ಇಲ್ಲದ ಜಿಲ್ಲೆ ಇದು. ಸಿಕ್ಕ ನೀರಿನಲ್ಲೂ ಎಷ್ಟೋ ಕಡೆ ಫ್ಲೋರೈಡ್. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ, ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ಪೈಪಿನಲ್ಲಿ 2018ರಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಾಗ ಜನ ಹೋಗಿ ನಿಂತು ನೋಡಿದರು. ಆ ನೀರಿನ ಗುಣದ ಬಗ್ಗೆ ಜಗಳ ಇದೆ, ಇರಬೇಕಾದದ್ದೇ. ಆದರೂ ಬೇರೆಯವರು ಬಳಸಿ ಬಿಟ್ಟ ನೀರಿನಲ್ಲಿ ಕೆರೆ ತುಂಬಿಸಿಕೊಳ್ಳುವ ಊರು ನಮ್ಮದು. ಅಜ್ಜಿ ಮಾಡಿದ್ದೂ ಅದೇ ಅಲ್ವಾ? ಅಂಥ ಕಡೆ ನಾನು ಮೋರಿಗೆ ಉಪ್ಪು ಸುರಿಯುತ್ತಿದ್ದೆ. ಕರಗಿದ ಉಪ್ಪು ಮಾಮೂಲಿ ಸಂಸ್ಕರಣೆಯಲ್ಲಿ ಹೋಗುವುದಿಲ್ಲ. ಮೋರಿಯಿಂದ ಕೆರೆಗೆ, ಕೆರೆಯಿಂದ ನೆಲದೊಳಗೆ ಇಳಿಯುತ್ತದೆ. ಹಿತ್ತಲಿನ ಬಚ್ಚಲಿಗೆ ಸುರಿದಿದ್ದೂ ಅಲ್ಲಿಗೇ ಸೇರಿರುತ್ತದೆ. ಆಗ ಕಣ್ಣೆದುರು ಒಣಗುವ ಗಿಡ ಇರಲಿಲ್ಲ, ಅಷ್ಟೇ.

ಸಂಜೆ ಅಜ್ಜಿಯನ್ನು ಒಳಗೆ ಕರೆದು ಕಾಫಿ ಕೊಟ್ಟೆ. ಅವರು ತೊಟ್ಟಿಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನುಗಳು ಗಾಜಿನ ಹತ್ತಿರ ಬಂದವು. "ಇವನ್ನ ಸಮುದ್ರದಿಂದ ಹಿಡ್ಕೊಂಡ್ ಬಂದರಾ?" ಎಂದು ಕೇಳಿದರು.

ಇವು ಮೊಟ್ಟೆಯಿಂದಲೂ ತೊಟ್ಟಿಯಲ್ಲೇ ಬೆಳೆದವು ಅಂದೆ. ಕ್ಲೌನ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸಬಹುದು. ನಮ್ಮ ದೇಶದಲ್ಲೂ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಅದರ ವಿಧಾನ ಕಂಡುಕೊಂಡಿದ್ದಾರೆ. ಆದರೆ ಮೊದಲ ವರ್ಷ ನಾನು ಇದನ್ನೆಲ್ಲ ಕೇಳಿ ತಿಳಿದುಕೊಂಡಿರಲಿಲ್ಲ. ಬಣ್ಣ ನೋಡಿ ನೀಲಿ ಟ್ಯಾಂಗ್ ಎನ್ನುವ ಒಂದು ಮೀನು ತಂದಿದ್ದೆ. ಅದು ಹತ್ತು ದಿನ ಏನೂ ತಿನ್ನದೆ ಸತ್ತಿತು. ಈ ಜಾತಿಯನ್ನು ಮೊದಲ ಸಲ ಸಾಕಣೆಯಲ್ಲಿ ಮರಿ ಮಾಡಿಸಿದ್ದು 2016ರಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ. ಮಾರಾಟಕ್ಕೆ ಬರುವುದು ಹೆಚ್ಚಾಗಿ ಹವಳದ ದಿಬ್ಬಗಳಿಂದ ಹಿಡಿದ ಮೀನೇ. ಫಿಲಿಪೈನ್ಸ್, ಇಂಡೊನೇಷ್ಯಾಗಳಲ್ಲಿ ಹೀಗೆ ಮೀನು ಹಿಡಿಯಲು ಸಯನೈಡ್ ಚಿಮುಕಿಸುವವರೂ ಇದ್ದಾರೆ. ಮೀನಿಗೆ ಮಂಪರು ಬರುತ್ತದೆ, ಹವಳ ಸಾಯುತ್ತದೆ. ಅದನ್ನು ಓದಿದ ಮೇಲೆ ಸಮುದ್ರದಿಂದ ಹಿಡಿದ ಮೀನನ್ನು ಮನೆಗೆ ತಂದಿಲ್ಲ. ಒಂದು ಅಂಗಡಿಯಲ್ಲಿ ಮೆಲ್ಲಗೆ "ಹವಳ ಬೇಕಾ ಮೇಡಂ?" ಅಂದಿದ್ದರು. ಕಲ್ಲುಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಯ ಜೊತೆಗೆ. ಬೇಡ ಅಂದು ಬಂದೆ. ನಮ್ಮ ತೊಟ್ಟಿಯಲ್ಲಿರುವುದು ಸೆರಾಮಿಕ್ ಕಲ್ಲು. ಆರು ತಿಂಗಳಲ್ಲಿ ಅದಕ್ಕೂ ಪಾಚಿಯ ನೇರಳೆ ಬಣ್ಣ ಹತ್ತಿತು.

ಇಷ್ಟೆಲ್ಲ ದೂರದ ಸಮುದ್ರದ ಬಗ್ಗೆ ಯೋಚಿಸಿದವಳು ಗೇಟಿನಾಚೆಯ ಮೋರಿ ನೋಡಲಿಲ್ಲವಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ತೊಟ್ಟಿ ಮುಚ್ಚಿಬಿಡೋಣ ಅಂತಲೂ ಅನ್ನಿಸಿತು. ಮೀನು ಎರಡೂ ಬದುಕಿವೆ, ಇನ್ನೂ ಹತ್ತು ವರ್ಷ ಬದುಕಬಹುದು. ಅವನ್ನು ಯಾರಿಗೆ ಕೊಡುವುದು?

ಮೊದಲು ಉಪ್ಪುನೀರು ಕಡಿಮೆ ಮಾಡಬೇಕಿತ್ತು. ತೊಟ್ಟಿಯ ಕೆಳಗಿನ ಫಿಲ್ಟರ್ ಡಬ್ಬದಲ್ಲಿ ಕೀಟೊ ಎನ್ನುವ ಪಾಚಿ ಹಾಕಿದೆ. ಹಸಿರು ನೂಲಿನ ಉಂಡೆಯ ಹಾಗೆ ಇರುತ್ತದೆ. ರಾತ್ರಿ ಹೊತ್ತು ಅದಕ್ಕೊಂದು ಪುಟ್ಟ ಎಲ್‌ಇಡಿ ಬೆಳಕು. ಮೀನಿನ ಹಿಕ್ಕೆಯಿಂದ ಬಂದು ನೀರು ಕೆಡಿಸುವ ನೈಟ್ರೇಟನ್ನು ಅದು ತಿಂದು ಬೆಳೆಯುತ್ತದೆ. ಬೆಳೆದಷ್ಟನ್ನು ಕಿತ್ತು ತೆಗೆದರಾಯಿತು. ಮೀನಿಗೆ ಊಟವನ್ನೂ ಅಳತೆಯಲ್ಲಿ ಹಾಕತೊಡಗಿದೆ. ನಾಲ್ಕು ತಿಂಗಳು ವಾರವಾರ ಪರೀಕ್ಷೆ ಮಾಡಿ ಬರೆದಿಟ್ಟೆ. ಈಗ ತಿಂಗಳಿಗೊಮ್ಮೆ 15 ಲೀಟರ್ ಬದಲಾಯಿಸಿದರೆ ಸಾಕು. ವರ್ಷಕ್ಕೆ 36 ಕಿಲೋ ಹೋಗುತ್ತಿದ್ದ ಉಪ್ಪು ಆರು ಕಿಲೋ ಚಿಲ್ಲರೆಗೆ ಇಳಿದಿದೆ. 40 ವಾಟಿನ ಪಂಪು ತೆಗೆದು 18 ವಾಟಿನದು ಹಾಕಿದ್ದರಿಂದ ಕರೆಂಟೂ ಉಳಿದಿದೆ.

ಆ 15 ಲೀಟರ್ ಮೋರಿಗೆ ಹೋಗುವುದಿಲ್ಲ. ಮಹಡಿಯ ಮೇಲೆ ಅಗಲವಾದ ಪ್ಲಾಸ್ಟಿಕ್ ಟ್ರೇಗಳಲ್ಲಿ ಬಿಸಿಲಿಗಿಡುತ್ತೇನೆ, ಉಪ್ಪಿನ ಗದ್ದೆಯ ಹಾಗೆ. ನಮ್ಮೂರಲ್ಲಿ ನೀರಿಗೆ ಬರ, ಬಿಸಿಲಿಗಲ್ಲ. ನೀರು ಆರಿ ಉಪ್ಪು ಉಳಿಯುತ್ತದೆ. ಮೆಗ್ನೀಷಿಯಂ ಇರುವುದರಿಂದ ಪೂರ್ತಿ ಒಣಗದೆ ಒಂಚೂರು ಜಿನುಗುತ್ತಿರುತ್ತದೆ. ಕೆರೆದು ಹಳೇ ಪೇಂಟ್ ಬಕೆಟ್ಟಿಗೆ ತುಂಬಿ ಮುಚ್ಚಿಡುತ್ತೇನೆ. ಅದನ್ನು ಏನು ಮಾಡುವುದೆಂದು ಇನ್ನೂ ತೀರ್ಮಾನಿಸಿಲ್ಲ. ನೆಲಕ್ಕೆ ಸೇರದೆ ಇದ್ದರೆ ಸದ್ಯಕ್ಕೆ ಸಾಕು.

ತೊಟ್ಟಿಯಿಂದ ದಿನವೂ ಎರಡು ಲೀಟರಿನಷ್ಟು ನೀರು ಆವಿಯಾಗುತ್ತದೆ. ಉಪ್ಪು ಉಳಿಯುತ್ತದೆ, ಹೋಗುವುದು ಬರೀ ನೀರು. ಆ ಕೊರತೆಗೆ ಸಿಹಿನೀರು ತುಂಬಬೇಕು. ಮೊದಲು ಅದಕ್ಕೂ ಆರ್‌ಓ ಓಡಿಸುತ್ತಿದ್ದೆ. ಮಳೆಗಾಲ ಶುರುವಾದಾಗ ಮಹಡಿಯ ನೀರಿಗೆ ಡ್ರಮ್ ಇಟ್ಟೆ. ಮೊದಲ ಮಳೆ ಬಿಟ್ಟು ಎರಡನೆಯದನ್ನು ಹಿಡಿದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 14 ತೋರಿಸಿತು. ನಮ್ಮ ಕೊಳಾಯಿ ನೀರು 700 ತೋರಿಸುತ್ತದೆ. ಖುಷಿಗೆ ಅಮ್ಮನನ್ನು ಮಹಡಿಗೆ ಕರೆದು ತೋರಿಸಿದೆ. ಇಂಗಾಲದ ಫಿಲ್ಟರಿನಲ್ಲಿ ಸೋಸಿ ಅದನ್ನೇ ಹಾಕುತ್ತೇನೆ. ಆರ್‌ಓ ಓಡುವುದು ಈಗ ತೀರಾ ಕಡಿಮೆ. ಓಡಿದಾಗ ಹೊರಬರುವ ನೀರು ಬಿಂದಿಗೆಗೆ. ನೆಲ ಒರೆಸಲು, ಪಾತ್ರೆ ತೊಳೆಯಲು ನಮಗೆ ಸ್ವಲ್ಪ, ಮಿಕ್ಕಿದ್ದು ಅಜ್ಜಿಗೆ. ಕುಡಿಯಬೇಡಿ, ಫ್ಲೋರೈಡ್ ಜಾಸ್ತಿ ಇರುತ್ತೆ ಎಂದು ಹೇಳಿದ್ದೇನೆ.

ಆ ಗಿಡ ಉಳಿಯಲಿಲ್ಲ. ಜೂನಿನಲ್ಲಿ ಅಜ್ಜಿಯೇ ಕಡಿಸಿದರು. ನಾನು ತಂದುಕೊಟ್ಟ ಸಸಿಯನ್ನು ಅದೇ ಪಾತಿಯಲ್ಲಿ ನೆಡದೆ, ಮೋರಿಯಿಂದ ದೂರ, ಬಾಗಿಲ ಹತ್ತಿರ ನೆಟ್ಟರು. ಕಾಲುವೆಗೆ ಮಣ್ಣು ಮುಚ್ಚಿದ್ದಾರೆ. ನಾನು ಬಿಂದಿಗೆ ಇಟ್ಟು ಬಂದರೆ ಅಜ್ಜಿ ಮೊದಲು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಆಮೇಲೆ ಗಿಡಕ್ಕೆ ಹಾಕುತ್ತಾರೆ. ಅಷ್ಟು ಹೊತ್ತು ನಾನು ಅಲ್ಲೇ ನಿಂತಿರುತ್ತೇನೆ.