ಮೂರೂವರೆ ಸಾವಿರದ ಜೀಪು, ತೊಂಬತ್ತು ರೂಪಾಯಿ ಊಟ, ಮೂರು ಕರಡಿ

ಹಂಪಿ ಹತ್ತಿರದ ದರೋಜಿ ಕರಡಿ ಧಾಮದಲ್ಲಿ ಬಂಡೀಪುರದ ಥರ ಕಾಡೆಲ್ಲ ಸುತ್ತಿಸಿ ಕರಡಿ ತೋರಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಾನು ಕೊಟ್ಟೆ. ಮೂರೂವರೆ ಸಾವಿರ. ಅವತ್ತು ನೋಡಿದ್ದು ಮುಚ್ಚಿದ ಗೇಟು.

ನನ್ನ ಮಗನಿಗೆ ಒಂಬತ್ತು ವರ್ಷ. ಹುಲಿ, ಆನೆ ಎಲ್ಲ ಮೈಸೂರಿನ ಹುಡುಗರಿಗೆ ಹಳೇದು, ಅವನಿಗೆ ಕರಡಿ ಬೇಕು. ಯಜಮಾನರಿಗೆ ರಜೆ ಸಿಗಲಿಲ್ಲ. ನವೆಂಬರ್ ಕೊನೆಯಲ್ಲಿ ಶಾಲೆಗೆ ನಾಲ್ಕು ದಿನ ಚಕ್ಕರ್ ಹೊಡೆಸಿ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿದೆವು. ಹಂಪಿಯ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ, ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ನನಗೆ ಜನಜಂಗುಳಿ ಆಗಿಬರುವುದಿಲ್ಲ. ಅದನ್ನು ಮನಸ್ಸಲ್ಲಿಟ್ಟುಕೊಂಡೇ ಮುಂದೆ ಓದಿ.

ಮೊದಲ ಎಡವಟ್ಟು ಬಸ್ಸಿನದು. ನಾವು ಉಳಿಯಬೇಕಿದ್ದದ್ದು ಕೊಪ್ಪಳ ಜಿಲ್ಲೆಯ ಆನೆಗೊಂದಿ ಕಡೆ. ಹೊಸಪೇಟೆಯಿಂದ ಗಂಗಾವತಿಗೆ ಎರಡು ದಾರಿ. ಒಂದು ಕಮಲಾಪುರ, ಬುಕ್ಕಸಾಗರ, ಕಡೆಬಾಗಿಲು ಸೇತುವೆ ಮೇಲೆ. ಇನ್ನೊಂದು ಮುನಿರಾಬಾದ್, ಹುಲಿಗಿ ಮೇಲೆ. ನಿಲ್ದಾಣದಲ್ಲಿ ಯಾರೋ ಪುಣ್ಯಾತ್ಮರು "ಎಲ್ಲಾ ಒಂದೇ ರೀ, ಹತ್ರಿ" ಅಂದರು. ಹತ್ತಿದೆವು. ಅವತ್ತು ಮಂಗಳವಾರ. ಹುಲಿಗಿಯ ದೇವಿ ಹುಲಿಗೆಮ್ಮನ ವಾರ! ಬಸ್ಸಿನೊಳಗೆ ಉಸಿರಾಡಲೂ ಜಾಗ ಇರಲಿಲ್ಲ. ಒಬ್ಬ ಅಜ್ಜಿಯ ಎಡೆಬುಟ್ಟಿ ನನ್ನ ತೊಡೆ ಮೇಲೆ, ನನ್ನ ಮಗ ಆ ಅಜ್ಜಿಯ ತೊಡೆ ಮೇಲೆ. ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ಸೊನ್ನೆ, ಮಗನಿಗೆ ಅರ್ಧ, ಹಾಗಾಗಿ ಬೈಯಲೂ ಬಾಯಿ ಬರಲಿಲ್ಲ. ಹುಲಿಗಿಯಲ್ಲಿ ಬಸ್ಸು ಖಾಲಿಯಾಯಿತು. ಆಮೇಲೆ ರಸ್ತೆ ಮೇಲೆಲ್ಲ ಭತ್ತ. ಕಟಾವಿನ ಕಾಲ, ಅರ್ಧ ರಸ್ತೆ ಒಣಹಾಕುವ ಕಣವೇ. ಗಂಗಾವತಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ವಾಪಸ್ ಆನೆಗೊಂದಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ನೀವು ಮಂಗಳವಾರ, ಶುಕ್ರವಾರ, ಹುಣ್ಣಿಮೆ ದಿನ ಹುಲಿಗಿ ದಾರಿ ಬಿಟ್ಟುಬಿಡಿ. ಕಡೆಬಾಗಿಲು ಬಸ್ಸು ಅಂತಲೇ ಕೇಳಿ ಹತ್ತಿ.

ಎರಡನೇ ಎಡವಟ್ಟು ರೂಮಿನದು. ಮೊಬೈಲಲ್ಲಿ ಫೋಟೋ ನೋಡಿ ಬುಕ್ ಮಾಡಿದ್ದು, ದಿನಕ್ಕೆ 2,800. ಕಿಟಕಿಯಿಂದ ಹೊಳೆ ಕಾಣುತ್ತೆ ಅಂತ ಬರೆದಿದ್ದರು. ಕಿಟಕಿಯಿಂದ ಕಂಡದ್ದು ಜನರೇಟರ್. ಕೇಳಿದರೆ ರೂಮಿನವನು "ಟ್ಯಾಂಕ್ ಮೇಲೆ ಹತ್ತಿದರೆ ಕಾಣ್ತದ ಮೇಡಂ" ಅಂದ. ಅವನೇ ಕರಡಿ ಸಫಾರಿ ಮಾರಿದವನು. ಜೀಪು ಎರಡಕ್ಕೆ ಬರಬೇಕಿತ್ತು, ಮೂರಕ್ಕೆ ಬಂತು. ದಾರಿಯಲ್ಲಿ ಸಾಣಾಪುರ ಕೆರೆ ಅಂತ ಒಂದು ಕಡೆ, ಫೋಟೋ ಪಾಯಿಂಟ್ ಅಂತ ಇನ್ನೊಂದು ಕಡೆ, ಗೆಳೆಯನ ಅಂಗಡಿಯಲ್ಲಿ ಟೀಗೆ ಮತ್ತೊಂದು ಕಡೆ ನಿಲ್ಲಿಸಿದ. ಧಾಮದ ಗೇಟಿಗೆ ಹೋದಾಗ ಐದೂಕಾಲು. ಒಳಗೆ ಬಿಡಲಿಲ್ಲ. ಗೇಟಿನವರದ್ದು ತಪ್ಪಲ್ಲ, ಕತ್ತಲಾಗುವ ಹೊತ್ತಿಗೆ ಯಾರನ್ನು ಬಿಡುತ್ತಾರೆ? ಮಗ ಅಳಲಿಲ್ಲ, ಅದೇ ನನಗೆ ಜಾಸ್ತಿ ಸಂಕಟ ಆದದ್ದು.

ಆ ಗೇಟಿನಲ್ಲಿದ್ದ ಕಾವಲುಗಾರರೇ ನಮ್ಮ ಪ್ರವಾಸ ಉಳಿಸಿದರು. "ನಾಳೆ ಕಮಲಾಪುರದಿಂದ ಆಟೋ ಮಾಡ್ಕೊಂಡ್ ಬರ್ರಿ ಅಕ್ಕಾರ. ಮಧ್ಯಾಹ್ನನ ಬಂದ್ ಕುಂದರ್ರಿ. ಜೀಪ್ ಗೀಪ್ ಏನೂ ಬ್ಯಾಡ" ಅಂದರು. ಹಾಗೇ ಮಾಡಿದೆವು. ಹೋಗಿಬರಲು, ಕಾಯಲು ಎಲ್ಲ ಸೇರಿ ಆಟೋಗೆ ಎಂಟುನೂರು.

ದರೋಜಿಯಲ್ಲಿ ಮಾಡಬೇಕಾದ್ದು ಇಷ್ಟೇ: ಕಾವಲು ಗೋಪುರ ಹತ್ತಿ, ಎದುರಿನ ಕರಡಿಕಲ್ಲು ಗುಡ್ಡ ನೋಡುತ್ತಾ ಸುಮ್ನೆ ಕೂರುವುದು. ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರುತ್ತಾರೆ. ಕರಡಿಗಳು ಬಿಸಿಲು ಇಳಿದ ಮೇಲೆ ಗವಿಗಳಿಂದ ಹೊರಗೆ ಬರುತ್ತವೆ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಬರಿಗಣ್ಣಿಗೆ ಕರಡಿ ಅಂದರೆ ಕರೀ ಚುಕ್ಕೆ ಅಷ್ಟೇ. ಮೊದಲು ಬಂದದ್ದು ನವಿಲುಗಳು, ಆಮೇಲೆ ಮುಂಗುಸಿ. ಪಕ್ಕದಲ್ಲಿ ಕಾಲೇಜು ಹುಡುಗರ ಗುಂಪೊಂದು ಬ್ಲೂಟೂತ್ ಸ್ಪೀಕರ್ ಹಾಕಿತು. ಅಲ್ಲಿದ್ದವರು ಗದರಿಸಿ ಆಫ್ ಮಾಡಿಸಿದರು. ಐದಕ್ಕೆ ಹತ್ತು ನಿಮಿಷ ಇರುವಾಗ ಬಂಡೆಯ ಸಂದಿಯಿಂದ ಒಂದು ತಾಯಿ ಬಂತು. ಬೆನ್ನ ಮೇಲೆ ಒಂದು ಮರಿ, ಹಿಂದೆ ಇನ್ನೊಂದು. ಬೆನ್ನ ಮೇಲಿದ್ದದ್ದು ಇಳಿಯಲು ಒಪ್ಪಲಿಲ್ಲ. ತಾಯಿ ತಲೆ ಬಗ್ಗಿಸಿ ಬಂಡೆ ನೆಕ್ಕುವಾಗ ಅದು ಜಾರಿ ತಾಯಿಯ ಕತ್ತಿನ ಕೂದಲು ಹಿಡಿದು ನೇತಾಡಿತು. ಮಗ ಬೈನಾಕ್ಯುಲರ್ ಅನ್ನು ಇಪ್ಪತ್ತು ನಿಮಿಷ ನನಗೆ ಕೊಡಲೇ ಇಲ್ಲ.

ಬೆಲ್ಲ ಬಳಿದು ಕಾಡುಪ್ರಾಣಿ ಕರೆಯುವುದು ಸರಿಯಾ ಅಂತ ನನಗೆ ಒಳಗೊಳಗೇ ಅನಿಸಿತು. ಪ್ರಸಾದಕ್ಕೆ ಸಾಲು ನಿಂತ ಹಾಗಿತ್ತು. ಆದರೆ ಗೋಪುರದಲ್ಲಿ ಪರಿಚಯವಾದ ಸ್ಥಳೀಯ ಹುಡುಗನೊಬ್ಬ, ಕ್ಯಾಮೆರಾ ಹಿಡಿದು ವಾರಕ್ಕೊಮ್ಮೆ ಬರುವವನು, ಹೇಳಿದ ಕಥೆ ಕೇಳಿದ ಮೇಲೆ ಸ್ವಲ್ಪ ಸುಮ್ಮನಾದೆ. ಈ ಗುಡ್ಡಗಳ ಸುತ್ತ ಹೊಲ. ಶೇಂಗಾ, ಮೆಕ್ಕೆಜೋಳಕ್ಕೆ ಕರಡಿ ಇಳಿಯುತ್ತಿತ್ತು, ಬೆಳಗಿನ ಜಾವ ಹೊಲಕ್ಕೆ ಹೋದವರ ಮೇಲೆ ಬೀಳುತ್ತಿತ್ತು. ಇನ್ನೊಂದು ಕಡೆ ಸಂಡೂರಿನ ಗಣಿ. ಇದರ ನಡುವೆ 1994ರಲ್ಲಿ ಇದು ಕರಡಿ ಧಾಮ ಆಯಿತು, ಆಮೇಲೆ ಬುಕ್ಕಸಾಗರದ ಕಾಡೂ ಸೇರಿ ಈಗ 80 ಚದರ ಕಿಲೋಮೀಟರ್ ದಾಟಿದೆ. ಜಿಲ್ಲೆ ಒಡೆದ ಮೇಲೆ ಒಂದಷ್ಟು ಬಳ್ಳಾರಿಗೆ, ಒಂದಷ್ಟು ವಿಜಯನಗರಕ್ಕೆ. ಕರಡಿಗೆ ಅದು ಗೊತ್ತಿಲ್ಲ, ಅಲ್ವಾ? ಇಲ್ಲಿನ ಕರಡಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದ ಸಮದ್ ಕೊಟ್ಟೂರು, ಬಳ್ಳಾರಿಯ ಗೌರವ ವನ್ಯಜೀವಿ ಪರಿಪಾಲಕರಾಗಿದ್ದ ಸಂತೋಷ್ ಮಾರ್ಟಿನ್ ಹೆಸರು ಅವನ ಬಾಯಲ್ಲಿ ಮನೆಯ ಹಿರಿಯರ ಹೆಸರಿನ ಹಾಗೆ ಬರುತ್ತಿತ್ತು. ಸಿರುಗುಪ್ಪ ಕಡೆಯ ಎರೆ ಹೊಲಗಳಲ್ಲಿ ಎರೆಭೂತ ಹಕ್ಕಿ (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ಇನ್ನೂ ಬದುಕಿದೆ ಅಂತ ಹೊರಗಿನವರಿಗೆ ತೋರಿಸಿಕೊಟ್ಟವರೂ ಇಂಥವರೇ ಅಂದ. ಆ ಹಕ್ಕಿ ಹುಡುಕಿಕೊಂಡು ಮಾತ್ರ ನೀವು ಹೋಗಬೇಡಿ. ಉಳಿದಿರುವುದು ಬೆರಳೆಣಿಕೆ, ಕಾರು ತಗೊಂಡು ಹೊಲಕ್ಕೆ ನುಗ್ಗುವವರಿಂದಲೇ ಅದಕ್ಕೆ ತೊಂದರೆ.

ಎರಡನೇ ದಿನ ರೂಮು ಬಿಟ್ಟು ಆನೆಗೊಂದಿ ಊರೊಳಗೆ ಒಂದು ಹಳೇ ಮಣ್ಣಿನ ಮನೆಯಲ್ಲಿ ಉಳಿದೆವು. 1,200, ಬೆಳಗಿನ ತಿಂಡಿ ಸೇರಿ. ಏಸಿ ಇಲ್ಲ, ಬೇಕಾಗಲೂ ಇಲ್ಲ, ಅಷ್ಟು ದಪ್ಪ ಗೋಡೆ. ಸೊಳ್ಳೆ ಮಾತ್ರ ಇದೆ. ಬಚ್ಚಲು ಹೊರಗೆ. ಅದು ಆಗದವರು ಬೇರೆ ಕಡೆ ನೋಡಿಕೊಳ್ಳಿ.

ಆನೆಗೊಂದಿಯಲ್ಲಿ ಹಳೇ ಮನೆಗಳಿಗೆ ಬೆಲೆ ಬಂದಿರುವುದರ ಹಿಂದೆ ಕಿಷ್ಕಿಂದಾ ಟ್ರಸ್ಟ್ ಇದೆ. ಶಮಾ ಪವಾರ್ 1997ರಲ್ಲಿ ಶುರು ಮಾಡಿದ್ದು. ಅವರು ಇಲ್ಲಿನ ಹೆಣ್ಣುಮಕ್ಕಳ ಕೈಗೆ ಕೊಟ್ಟದ್ದು ಬಾಳೆ ನಾರಿನ ಕೆಲಸ. ಗೊನೆ ಕಡಿದ ಮೇಲೆ ದಿಂಡು ಸುಮ್ನೆ ಕೊಳೆಯುತ್ತೆ, ಇಲ್ಲವೇ ಬೆಂಕಿಗೆ. ಅದರ ಪಟ್ಟೆ ಬಿಡಿಸಿ, ಒಣಗಿಸಿ, ಸೀಳಿ, ಹುರಿ ಹೊಸೆಯುತ್ತಾರೆ. ಹುರಿಯಿಂದ ಬ್ಯಾಗು, ಬುಟ್ಟಿ, ಚಾಪೆ. ಒಬ್ಬ ಹೆಂಗಸು ನಮ್ಮ ಎದುರೇ ಹೊಸೆಯುತ್ತಿದ್ದರು. ಎರಡು ಸೀಳು ತಗೊಂಡು, ಅಂಗೈಗೆ ನೀರು ಮುಟ್ಟಿಸಿ, ಎರಡೂ ಅಂಗೈ ನಡುವೆ ಸರ್ ಅಂತ ಒಂದು ಉಜ್ಜು. ಸೀಳು ಮುಗಿಯುವ ಮೊದಲೇ ಹೊಸದು ಸೇರಿಸುತ್ತಾರೆ, ಗಂಟು ಹಾಕುವುದಿಲ್ಲ, ಸೇರಿಸಿದ ಜಾಗ ಬೆರಳಿಗೂ ಸಿಗಲ್ಲ. ಮಗ ಹೊಸೆದದ್ದು ನಾಲ್ಕು ಸಲ ಬಿಚ್ಚಿಕೊಂಡಿತು. "ನೀರ ಕಡಿಮಿ ಹಚ್ಚಪ್ಪಾ ತಮ್ಮಾ" ಅಂದರು. ಐದನೇ ಸಲ ನಿಂತಿತು. ಅಲ್ಲಿ ಚೌಕಾಸಿ ಮಾಡಬೇಡಿ ದಯವಿಟ್ಟು. ನನ್ನ ಪಕ್ಕದಲ್ಲಿ ಒಬ್ಬರು ಚೀಲಕ್ಕೆ ಐವತ್ತು ರೂಪಾಯಿ ಇಳಿಸಲು ಕಾಲು ಗಂಟೆ ವಾದ ಮಾಡಿದರು, ಹೊರಗೆ ಬಂದು ಇನ್ನೂರು ರೂಪಾಯಿಯ ಪಿಜ್ಜಾ ತಿಂದರು.

ಮರುದಿನ ಬೆಳಗ್ಗೆ ಆರಕ್ಕೆ ಹೊಳೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ ತುಂಗಭದ್ರೆಯ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಬೋರ್ಡು ಹುಡುಕಬೇಡಿ, ಟಿಕೆಟ್ ಕೌಂಟರೂ ಇಲ್ಲ. ನಮ್ಮನ್ನು ಕರೆದುಕೊಂಡು ಹೋದದ್ದು ಮನೆಯವರ ಪರಿಚಯದ ಒಬ್ಬ ಮೀನುಗಾರರು. ಮೊದಲು ತೋರಿಸಿದ್ದು ಹರಿದ ಬಲೆ. "ರಾತ್ರಿ ಬಂದು ಹೆಂಗ್ ಮಾಡ್ಯಾವ ನೋಡ್ರಿ. ಬಲ್ಯಾಗಿನ ಮೀನ ಬೇಕು ಅವಕ್ಕ." ಸಿಟ್ಟಿಲ್ವಾ ಅಂತ ಕೇಳಿದೆ. "ಸಿಟ್ಟ ಬರ್ತದ್ರಿ. ಆದ್ರ ಮದ್ದ ಹಾಕಿ ಸಿಡಿಸೋ ಮಂದಿಗಿಂತ ಇವು ಎಷ್ಟೋ ಚೊಲೋ. ಇವು ಹೊಟ್ಟಿಗೆ ಬೇಕಾದಷ್ಟ ತಿಂತಾವ." ಸಿಡಿಮದ್ದು ಹಾಕಿ ಮೀನು ಹಿಡಿದರೆ ದೊಡ್ಡದು ಚಿಕ್ಕದು ಎಲ್ಲ ಸತ್ತು ತೇಲುತ್ತೆ, ಆಮೇಲೆ ಬಲೆಗೂ ಇಲ್ಲ, ನೀರುನಾಯಿಗೂ ಇಲ್ಲ. ಒಂದು ಬಂಡೆ ಮೇಲೆ ನೀರುನಾಯಿಯ ಹಿಕ್ಕೆ ತೋರಿಸಿದರು. ಒಣಗಿತ್ತು, ಕಡ್ಡಿಯಿಂದ ಬಿಡಿಸಿದರೆ ಪೂರ್ತಿ ಮೀನಿನ ಪೊರೆ, ಬಿಸಿಲಿಗೆ ಮಿರಿಮಿರಿ. ನೀರುನಾಯಿ ಕಂಡಿದ್ದು ಎರಡು ನಿಮಿಷ ಇರಬಹುದು. ನೀರಲ್ಲಿ ನಾಲ್ಕು ತಲೆ, ಒಂದರ ಬಾಯಲ್ಲಿ ಮೀನು, ಮುಳುಗಿದವು. ಮುಗೀತು. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಾಗ, ಅಂದರೆ ಆಗಸ್ಟ್ ಸುಮಾರಿಗೆ, ಹೋದರೆ ಇದೂ ಸಿಗಲ್ಲ. ಹರಗೋಲೂ ಇಳಿಸುವುದಿಲ್ಲ. ಅವರು ದುಡ್ಡು ಬೇಡ ಅಂದರು. ಬಲೆಗೆ ಅಂತ ಕೊಟ್ಟೆ, ತಗೊಂಡರು.

ಈಗ ಊಟ. ಗಂಗಾವತಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಖಾನಾವಳಿ. ಹೆಸರಿನ ಬೋರ್ಡು ಇಲ್ಲ, ನೀಲಿ ಬಾಗಿಲು. ತೊಂಬತ್ತು ರೂಪಾಯಿಗೆ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಈರುಳ್ಳಿ, ಸೌತೆಕಾಯಿ, ಆಮೇಲೆ ಸೋನಾ ಮಸೂರಿ ಅನ್ನ, ಸಾರು. ಪುಂಡಿ ಪಲ್ಯದ ಹುಳಿ ನನಗೆ ಮೊದಲ ತುತ್ತಿಗೆ ಹಿಡಿಸಲಿಲ್ಲ, ಮೂರನೇ ತುತ್ತಿಗೆ ಇನ್ನೊಂದು ಸಲ ಹಾಕಿಸಿಕೊಂಡೆ. ಶೇಂಗಾ ಚಟ್ನಿಗೆ ಮೊಸರು ಕಲಸಿ ರೊಟ್ಟಿಗೆ ಹಚ್ಚಿ ತಿನ್ನುವುದನ್ನು ಪಕ್ಕದ ಮೇಜಿನ ಲಾರಿ ಡ್ರೈವರ್ ನನ್ನ ಮಗನಿಗೆ ಕಲಿಸಿಕೊಟ್ಟರು. ರೊಟ್ಟಿ ಬಿಸಿಬಿಸಿ ಬರುತ್ತಲೇ ಇತ್ತು. ಒಳಗೆ ಯಾರು ಬಡಿಯುತ್ತಾರೆ ಅಂತ ಕೇಳಿದರೆ, ಹಿಂದಿನ ಓಣಿಯ ಹೆಂಗಸರ ಸಂಘದವರು ಸರದಿ ಮೇಲೆ ಬಂದು ಬಡಿಯುತ್ತಾರಂತೆ. ರೊಟ್ಟಿಗೆ ಇಷ್ಟು ಅಂತ ಲೆಕ್ಕ, ಸಂಜೆಯೇ ಕೈಗೆ ದುಡ್ಡು. ಮೂರು ದಿನದಲ್ಲಿ ನಾಲ್ಕು ಸಲ ಅಲ್ಲಿಗೇ ಹೋದೆವು. ಬೆಳಗ್ಗೆ ಹೋದರೆ ಮಂಡಾಳು ಒಗ್ಗರಣಿ, ಮಿರ್ಚಿ. ನಮ್ಮ ಕಡೆ ಪುರಿ ಅನ್ನುತ್ತೇವಲ್ಲ, ಅದನ್ನು ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ ಮೇಲೆ ಪುಟಾಣಿ ಪುಡಿ. ಮಿರ್ಚಿ ಖಾರ. ಮಕ್ಕಳಿಗೆ ಹಿಟ್ಟಿನ ಭಾಗ ಮಾತ್ರ ಕೊಡಿ.

ಖಾನಾವಳಿಯ ಅಮ್ಮ ಕೊಪ್ಪಳದವರು. ನಾವು ವಾಪಸ್ ರೈಲು ಕೊಪ್ಪಳದಲ್ಲೇ ಹತ್ತುತ್ತೇವೆ ಅಂದಾಗ, "ಹಂಗಾದ್ರ ಗವಿಮಠಕ್ಕ ಹೋಗ್ರಿ, ಹಿರೇಹಳ್ಳನೂ ನೋಡ್ರಿ" ಅಂದರು. ತುಂಗಭದ್ರೆಗೆ ಸೇರುವ ಹಳ್ಳ ಅದು. ಜಾಲಿ ಬೆಳೆದು, ಹೂಳು ತುಂಬಿ, ಕಸ ಸುರಿಯುವ ಜಾಗ ಆಗಿತ್ತಂತೆ. 2019ರಲ್ಲಿ ಗವಿಮಠದ ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದರು, ಊರಿನವರು ದುಡ್ಡು, ಜೆಸಿಬಿ, ಟ್ರ್ಯಾಕ್ಟರ್ ತಂದರು. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಹಳ್ಳ ಸ್ವಚ್ಛವಾಯಿತು. ನಾವು ನಿಂತಿದ್ದ ಕಡೆ ನೀರಿತ್ತು, ಬೆಳ್ಳಕ್ಕಿ ಇದ್ದವು. ದಡದಲ್ಲಿ ಪ್ಲಾಸ್ಟಿಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ. ಮಠದಲ್ಲಿ ಊಟ ಸಿಗುತ್ತೆ, ರೈಲಿಗೆ ಮುಂಚೆ ಮಾಡಿಕೊಂಡು ಹೊರಡಿ. ಜನವರಿ ಜಾತ್ರೆ ಹೊತ್ತಿಗೆ ನನ್ನಂಥವರು ಆ ಕಡೆ ತಲೆ ಹಾಕುವುದು ಬೇಡ.

ಗಂಗಾವತಿ ಹತ್ತಿರದ ಬಂಕಾಪುರ ತೋಳ ಧಾಮಕ್ಕೆ ಹೋಗಲಿಲ್ಲ. 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದ್ದನ್ನು ಪೇಪರಲ್ಲಿ ಓದಿ ಮಗನಿಗೆ ಆಸೆ ಇತ್ತು. ದಾರಿಯಲ್ಲಿ ಸಿಕ್ಕ ಕುರಿಗಾರರನ್ನು ಕೇಳಿದೆವು. "ತ್ವಾಳ ನೋಡಾಕ ಹ್ವಾದ್ರ ಕಾಣೂದಿಲ್ಲ. ಕುರಿ ಕಾಯಾಕ ನಿಂತ್ರ ಕಾಣ್ತದ" ಅಂದರು. ಹಾಗಾಗಿ ಬಿಟ್ಟೆವು.

ಇನ್ನೆರಡು ವಿಷಯ. ಶನಿವಾರ ಆನೆಗೊಂದಿ ಪಕ್ಕದ ಹನುಮನ ಬೆಟ್ಟ ಅಂಜನಾದ್ರಿ ಕಡೆಯ ರಸ್ತೆ ಪೂರ್ತಿ ಜಾಮ್, ಡಿಸೆಂಬರಿನ ಹನುಮಮಾಲೆ ಸಮಯದಲ್ಲಿ ಕೇಳಲೇಬೇಡಿ, ಆ ದಿನಗಳಲ್ಲಿ ಆನೆಗೊಂದಿಗೆ ರೂಮು ನೋಡಬೇಡಿ. ಮತ್ತೆ ಹೊಳೆ ದಡಕ್ಕೆ ಹೋಗುವಾಗ ಚಪ್ಪಲಿ ಬೇಡ, ಶೂ ಹಾಕಿ. ನನ್ನ ಒಂದು ಚಪ್ಪಲಿ ಇನ್ನೂ ಆನೆಗೊಂದಿಯ ಕೆಸರಲ್ಲಿದೆ.